ಏರೋಸ್ಪೇಸಾ, ಮೆಕ್ಯಾನಿಕಲ್ಲಾ? ಫೌಂಡೇಶನ್ ಇಯರ್‌ಗೆ ದುಡ್ಡು ಕಟ್ಟುವ ಮುಂಚೆ

ಮಂಡ್ಯದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದೀರಿ, ಪಿಸಿಎಂನಲ್ಲಿ ಅರವತ್ತು ಪರ್ಸೆಂಟ್ ಆಸುಪಾಸು. ಇಂಗ್ಲೆಂಡಿನ ಯೂನಿವರ್ಸಿಟಿಯೊಂದು ಫೌಂಡೇಶನ್ ಇಯರ್ (ಡಿಗ್ರಿಗೆ ಮುಂಚಿನ ಒಂದು ತಯಾರಿ ವರ್ಷ) ಸೇರಿಸಿ ಏರೋಸ್ಪೇಸ್‌ಗೂ ಮೆಕ್ಯಾನಿಕಲ್‌ಗೂ ಸೀಟು ಕೊಡುತ್ತೇನೆ ಅಂದಿದೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲೇ ಮೆಕ್ಯಾನಿಕಲ್ ಬಿಇ ಮಾಡಿದವನು. ಈಗ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಕೆಲಸ. ನನ್ನ ಮಾತು ಸ್ವಲ್ಪ ಮೆಕ್ಯಾನಿಕಲ್ ಕಡೆ ವಾಲಿದರೆ ಅದನ್ನು ಕಳೆದು ಓದಿಕೊಳ್ಳಿ.

ಬ್ರಾಂಚ್ ವಿಷಯ ಆಮೇಲೆ. ಫೌಂಡೇಶನ್ ಇಯರ್ ನಿಮಗೆ ಬೇಕಾ ಅನ್ನೋದು ಮೊದಲು ಗೊತ್ತಾಗಲಿ. ಆ ವರ್ಷ ಕಲಿಸುವುದು ಕ್ಯಾಲ್ಕುಲಸ್, ವೆಕ್ಟರ್, ಮೆಕ್ಯಾನಿಕ್ಸ್, ಕರೆಂಟು, ಲ್ಯಾಬ್ ರಿಪೋರ್ಟ್ ಬರೆಯುವುದು. ಅರ್ಥಾತ್, ನೀವು ಪಿಯುನಲ್ಲಿ ಓದಿದ್ದೇ. ಕಾಮರ್ಸ್ ಓದಿದವರಿಗೆ, ಗಣಿತ ಬಿಟ್ಟವರಿಗೆ, ಡೈರೆಕ್ಟ್ ಸೀಟಿಗೆ ಮಾರ್ಕ್ಸ್ ಸಾಲದವರಿಗೆ ಅದು ನಿಜಕ್ಕೂ ಉಪಯೋಗ. ಆದರೆ ಹೊರದೇಶದವರ ಫೀಸು ಆ ವರ್ಷಕ್ಕೂ ಕಟ್ಟಬೇಕು, ಮೇಲೆ ರೂಮು, ಊಟ. ಮೂರು ವರ್ಷದ ಬಿಇಂಗ್ (ಅಲ್ಲಿನ ಇಂಜಿನಿಯರಿಂಗ್ ಡಿಗ್ರಿ) ನಾಲ್ಕಾಗುತ್ತದೆ. ನನ್ನನ್ನು ನೇರ ಫಸ್ಟ್ ಇಯರ್‌ಗೆ ತಗೊಳ್ತೀರಾ, ಇಲ್ಲ ಅಂದರೆ ಯಾವ ವಿಷಯದಲ್ಲಿ ಎಷ್ಟು ಕಡಿಮೆ ಬಿತ್ತು ಅಂತ ಯೂನಿವರ್ಸಿಟಿಯ ಅಡ್ಮಿಷನ್ ಆಫೀಸಿಗೆ ನೀವೇ ಒಂದು ಮೇಲ್ ಹಾಕಿ. ಕನ್ಸಲ್ಟೆನ್ಸಿಯವರನ್ನು ಕೇಳಬೇಡಿ. ಸಾಮಾನ್ಯವಾಗಿ ಅವರಿಗೆ ಕಮಿಷನ್ ಬರುವುದೇ ಯೂನಿವರ್ಸಿಟಿಯಿಂದ.

ಬೇಕೇ ಬೇಕು ಅಂತಾದರೆ, ಎಷ್ಟೋ ಕಡೆ ಫೌಂಡೇಶನ್ ಕ್ಲಾಸು ಎಲ್ಲ ಇಂಜಿನಿಯರಿಂಗ್‌ನವರಿಗೂ ಒಂದೇ. ಏರೋಸ್ಪೇಸ್‌ನವರು, ಮೆಕ್ಯಾನಿಕಲ್‌ನವರು ಒಂದೇ ಬೆಂಚಲ್ಲಿ ಕೂತಿರುತ್ತಾರೆ. ನಮ್ಮ ವಿಟಿಯು ಬಿಇ ಮೊದಲ ವರ್ಷದಲ್ಲಿ ಫಿಸಿಕ್ಸ್‌ನ ಪಿ ಸೈಕಲ್, ಕೆಮಿಸ್ಟ್ರಿಯ ಸಿ ಸೈಕಲ್ ಅಂತ ಎಲ್ಲ ಬ್ರಾಂಚಿನವರೂ ಓದುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಹಾಗಾಗಿ ಈಗ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಎರಡು. ಮುಂದಿನ ವರ್ಷಕ್ಕೆ ಹೋಗಲು ಗಣಿತದಲ್ಲಿ ಎಷ್ಟು ತೆಗೆಯಬೇಕು? ಆಗ ಬ್ರಾಂಚ್ ಬದಲಿಸಲು ಬಿಡುತ್ತಾರಾ? ಉತ್ತರ ಬರಹದಲ್ಲಿ ಇರಲಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು, ಅಲ್ಲಿ ‘ಫೌಂಡೇಶನ್ ಡಿಗ್ರಿ’ ಅಂತ ಬೇರೆಯೇ ಕೋರ್ಸ್ ಇದೆ. ಅದು ಬ್ಯಾಚುಲರ್ಸ್‌ಗಿಂತ ಕೆಳಗಿನದು. ಆಫರ್ ಲೆಟರ್‌ನಲ್ಲಿ ಯಾವುದಿದೆ ನೋಡಿಕೊಳ್ಳಿ.

ಇನ್ನು ಬ್ರಾಂಚ್. ಏರೋಸ್ಪೇಸ್‌ನಲ್ಲಿ ಏರೋಡೈನಮಿಕ್ಸ್, ಪ್ರೊಪಲ್ಷನ್, ಫ್ಲೈಟ್ ಮೆಕ್ಯಾನಿಕ್ಸ್, ಕಂಟ್ರೋಲ್ ಬರುತ್ತದೆ. ಗಣಿತ ಜಾಸ್ತಿ, ಕಮ್ಮಿಯಲ್ಲ. ವಿಮಾನ ಅಂದರೆ ಇಷ್ಟ ಅನ್ನೋದು ಬೇರೆ, ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಅನ್ನೋ ಸಮೀಕರಣದ ಮುಂದೆ ಸಂಜೆಯೆಲ್ಲ ಕೂರುವುದು ಬೇರೆ. (ನೆಂಟರು ‘ಹಾಗಾದ್ರೆ ಪೈಲಟ್ ಆಗ್ತೀರಾ’ ಅಂತ ಕೇಳೇ ಕೇಳುತ್ತಾರೆ. ಪೈಲಟ್‌ಗೂ, ವಿಮಾನ ರಿಪೇರಿ ಮಾಡುವ ಎಎಂಇಗೂ (ಮೆಂಟೆನೆನ್ಸ್ ಇಂಜಿನಿಯರ್) ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ಲೈಸೆನ್ಸ್ ಬೇಕು, ಅದರ ದಾರಿಯೇ ಬೇರೆ.)

ನಮ್ಮ ಶಾಪಿನಲ್ಲಿ ಅಲ್ಯುಮಿನಿಯಂ ದಿಮ್ಮಿಯನ್ನು ಫೈವ್ ಆ್ಯಕ್ಸಿಸ್ ಮೆಷಿನ್‌ಗೆ (ಐದು ದಿಕ್ಕಿನಲ್ಲಿ ಚಲಿಸಿ ಲೋಹ ಕೊರೆಯುವ ಯಂತ್ರ) ಕಟ್ಟುತ್ತೇವೆ. ಮುಕ್ಕಾಲು ಪಾಲು ಚಿಪ್ಸ್ ಆಗಿ ತೊಟ್ಟಿಗೆ ಬೀಳುತ್ತದೆ. ಉಳಿಯುವುದು ಅಂಗೈಯಗಲದ ಒಂದು ಬ್ರಾಕೆಟ್. ಅದನ್ನು ಇಪ್ಪತ್ತು ಡಿಗ್ರಿಗೆ ತಣ್ಣಗಿಟ್ಟ ರೂಮಿನಲ್ಲಿ ಸಿಎಂಎಂ ಅನ್ನೋ ಅಳತೆ ಯಂತ್ರದ ಮೇಲೆ ಕೂರಿಸಿದರೆ, ಸಾಸಿವೆ ಗಾತ್ರದ ಕೆಂಪು ರೂಬಿ ಗುಂಡು ಒಂದೊಂದೇ ಜಾಗ ಮುಟ್ಟಿ ಅಳೆಯುತ್ತದೆ. ಲೋಹ ಯಾವ ಬ್ಯಾಚಿನದು, ಯಾವ ಮೆಷಿನ್, ಅಳೆದವರು ಯಾರು, ಎಲ್ಲಕ್ಕೂ ಕಾಗದ ಇರಬೇಕು. ಈ ಕೆಲಸ ಮಾಡುವವರು ಬಹುಪಾಲು ಮೆಕ್ಯಾನಿಕಲ್, ಡಿಪ್ಲೊಮಾ, ಐಟಿಐನವರು. ಇಸ್ರೋದ ಸೈಂಟಿಸ್ಟ್–ಇಂಜಿನಿಯರ್ ಜಾಹೀರಾತುಗಳಲ್ಲೂ ಹೆಚ್ಚಾಗಿ ಕೇಳುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್. ರೆಕ್ಕೆ ವಿನ್ಯಾಸ ಮಾಡಬೇಕು ಅಂದರೆ ಏರೋಸ್ಪೇಸ್ ಬೇಕು ನಿಜ. ಆದರೆ ಅದನ್ನು ಎಂಟೆಕ್‌ನಲ್ಲಿ ಓದಬಹುದು. 1942ರಲ್ಲೇ ಶುರುವಾದ ಐಐಎಸ್‌ಸಿಯ ಏರೋಸ್ಪೇಸ್ ವಿಭಾಗ ಮೆಕ್ಯಾನಿಕಲ್ ಬಿಇ ಮಾಡಿದವರನ್ನೂ ಗೇಟ್ ಪರೀಕ್ಷೆಯ ಮೂಲಕ ತಗೊಳ್ಳುತ್ತದೆ.

ವಾಪಸ್ ಬರುವ ಯೋಚನೆ ಇದೆಯಾ? ಭಾರತ–ಬ್ರಿಟನ್ ನಡುವೆ 2022ರಲ್ಲಿ ಡಿಗ್ರಿಗಳನ್ನು ಪರಸ್ಪರ ಮಾನ್ಯ ಮಾಡುವ ಒಪ್ಪಂದ ಆಯಿತು, ಆದರೆ ಇಂಜಿನಿಯರಿಂಗನ್ನು ಅದರಿಂದ ಹೊರಗಿಟ್ಟರು. ಇಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ತತ್ಸಮಾನ ಪತ್ರಕ್ಕೆ ಓಡಾಟ ಬೀಳಬಹುದು. ಅಲ್ಲೇ ಉಳಿಯುತ್ತೇನೆ ಅಂದರೂ, ಡಿಫೆನ್ಸ್ ಕಡೆಯ ಏರೋಸ್ಪೇಸ್ ಕೆಲಸ ಹೊರದೇಶದವರಿಗೆ ಸುಲಭಕ್ಕೆ ಸಿಗುವುದಿಲ್ಲ, ಸೆಕ್ಯುರಿಟಿ ಕ್ಲಿಯರೆನ್ಸ್ ಕೇಳುತ್ತಾರೆ. ಫೌಂಡೇಶನ್ ಸೇರಿ ಐದು ವರ್ಷದ ಎಂಇಂಗ್ (ಬ್ಯಾಚುಲರ್ಸ್, ಮಾಸ್ಟರ್ಸ್ ಒಟ್ಟಿಗಿರುವ ಕೋರ್ಸ್) ಆದರೆ ಓದುವುದಕ್ಕೇ ‘ಅಟಾಸ್’ ಅನ್ನೋ ಅನುಮತಿ ಬೇಕಾಗಬಹುದು.

ನನ್ನ ತಂಗಿ ಕೇಳಿದ್ದರೆ ಇಷ್ಟೇ ಹೇಳುತ್ತಿದ್ದೆ: ನಿನ್ನ ಮಾರ್ಕ್ಸ್‌ಗೆ ಬಿಇ ಅರ್ಹತೆ ಇದ್ದೇ ಇದೆ, ಜನರಲ್‌ಗೆ ಬೇಕಿರುವುದು 45 ಪರ್ಸೆಂಟ್. ಸಿಇಟಿ ರ‍್ಯಾಂಕ್ ಹಿಡಿದು ಮಂಡ್ಯದ ಪಿಇಎಸ್ಸೋ, ಮೈಸೂರಿನ ಎನ್‌ಐಇಯೋ, ಸಿಕ್ಕಿದ ಕಡೆ ಮೆಕ್ಯಾನಿಕಲ್ ಸೇರು. ಅಪ್ಪನ ಸಾಲ ಮಾಸ್ಟರ್ಸ್‌ಗೆ ಇರಲಿ. ನೀವು ಹೋಗಲೇಬೇಕು ಅಂದುಕೊಂಡಿದ್ದರೆ, ಬ್ರಾಂಚ್ ಬದಲಿಸಲು ಬಿಡುವ ಕಡೆಯೇ ಹೋಗಿ.

ಗಣಿತದಲ್ಲಿ ಬಂದ ಮಾರ್ಕ್ಸ್ ಬೇರೆಯಾಗಿ ಹಾಕಿ. ಮುಂದಿನ ವರ್ಷಕ್ಕೆ ಹೋಗಲು ಆಫರ್ ಲೆಟರ್‌ನಲ್ಲಿ ಏನು ಕಂಡಿಷನ್ ಬರೆದಿದ್ದಾರೆ ಅನ್ನೋದನ್ನೂ ಟೈಪ್ ಮಾಡಿ, ಒಟ್ಟಿಗೆ ನೋಡೋಣ.