ಓದುಗರ ಪ್ರಶ್ನೆಗಳು: ಕರಾವಳಿಯ ಯೋಜನೆ ಕರಾವಳಿಯವರ ಕೈಯಲ್ಲಿ

ಪ್ರಶ್ನೆ: ಸಣ್ಣ ಕರಾವಳಿ ಪ್ರದೇಶದ ಜನರು ತಮ್ಮ ಕಡಲು ಮತ್ತು ದಡದ ರಕ್ಷಣೆಯನ್ನು ತಾವೇ ಯೋಜಿಸಿ ನಡೆಸುವುದು ನಿಜಕ್ಕೂ ಸಾಧ್ಯವೇ? ಸಮುದ್ರಕ್ಕೆ ಬೇಲಿ ಹಾಕಲಾಗದು. ಒಂದು ಊರಿನವರು ಬಿಟ್ಟ ಮೀನನ್ನು ಇನ್ನೊಂದು ಊರಿನವರು ಹಿಡಿಯುವುದಿಲ್ಲವೇ?

ಉತ್ತರ: ನಿಮ್ಮ ಸಂದೇಹ ವಿದ್ವಾಂಸರನ್ನೂ ಕಾಡಿತ್ತು. ಎಲ್ಲರಿಗೂ ತೆರೆದಿರುವ ಸಂಪತ್ತು ಹಾಳಾಗಿಯೇ ತೀರುತ್ತದೆ ಎಂಬ ವಾದವನ್ನು 1968ರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ ಮಂಡಿಸಿದರು. ಆದರೆ ಮೀನುಗಾರಿಕೆ, ನೀರಾವರಿ, ಹುಲ್ಲುಗಾವಲುಗಳ ನಿರ್ವಹಣೆಯನ್ನು ಹಲವು ದೇಶಗಳಲ್ಲಿ ಪರಿಶೀಲಿಸಿದ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಅವರು, ಎಲ್ಲೆ ಯಾವುದು, ಬಳಕೆದಾರರು ಯಾರು ಎಂಬುದು ಸ್ಪಷ್ಟವಾಗಿದ್ದು, ನಿಯಮ ಪಾಲಿಸಬೇಕಾದವರೇ ಅದನ್ನು ರೂಪಿಸುವವರೂ ಕಾಯುವವರೂ ಆಗಿದ್ದಲ್ಲಿ ಅಂಥ ಸಂಪತ್ತು ತಲೆಮಾರುಗಳ ಕಾಲ ಉಳಿಯಬಲ್ಲದೆಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಪ್ರದೇಶ ಚಿಕ್ಕದಾಗಿರುವುದು ಇಲ್ಲಿ ಕೊರತೆಯಲ್ಲ, ಅನುಕೂಲ. ಯಾರ ದೋಣಿ ಯಾವ ಹೊತ್ತಿನಲ್ಲಿ ಎತ್ತ ಹೋಯಿತೆಂಬುದು ದಡದಲ್ಲಿರುವವರಿಗೆ ತಿಳಿದೇ ಇರುತ್ತದೆ.

ಫಿಲಿಪ್ಪೀನ್ಸ್‌ನ ಅಪೊ ದ್ವೀಪದ ವಿಸ್ತೀರ್ಣ ನೂರು ಹೆಕ್ಟೇರನ್ನೂ ಮುಟ್ಟುವುದಿಲ್ಲ. ಅಲ್ಲಿನ ಮೀನು ಕಡಿಮೆಯಾಗುತ್ತಿದ್ದಾಗ ಸಿಲ್ಲಿಮನ್ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರಜ್ಞ ಏಂಜೆಲ್ ಅಲ್ಕಾಲಾ ಮತ್ತು ಅವರ ಸಂಗಡಿಗರು ಮೀನುಗಾರರೊಡನೆ ದೀರ್ಘಕಾಲ ಮಾತುಕತೆ ನಡೆಸಿದರು. 1982ರಲ್ಲಿ ಸುಮಾರು 450 ಮೀಟರ್ ಉದ್ದದ ದಡಕ್ಕೆ ತಾಗಿದ ಹವಳದ ದಿಬ್ಬವನ್ನು ಮೀನುಗಾರಿಕೆಯಿಂದ ಮುಕ್ತವಾಗಿಡಲು ಕೆಲವೇ ಕುಟುಂಬಗಳು ಒಪ್ಪಿ ತಾವೇ ಕಾವಲು ನಿಂತವು. ಇಡೀ ದ್ವೀಪದ ಒಪ್ಪಿಗೆ ದೊರೆತದ್ದು 1985ರಲ್ಲಿ. ಅಷ್ಟರಲ್ಲಿ ಅದೇ ದೇಶದ ಸುಮಿಲೊನ್ ದ್ವೀಪದಲ್ಲಿ ಪಾಠವೊಂದು ದೊರೆತಿತ್ತು. 1974ರಿಂದ ರಕ್ಷಿತವಾಗಿದ್ದ ಅಲ್ಲಿನ ಕಡಲಭಾಗವು ಸ್ಥಳೀಯ ರಾಜಕೀಯ ಬದಲಾದಾಗ 1984ರಲ್ಲಿ ಮೀನುಗಾರಿಕೆಗೆ ತೆರೆದುಕೊಂಡಿತು. ಬಲೆ ಬೀಸಲು ಹೆಚ್ಚು ಜಾಗ ಸಿಕ್ಕಿದರೂ ಒಟ್ಟು ಇಳುವರಿ ಕುಸಿಯಿತು. ಮುಚ್ಚಿದ ಜಾಗದಲ್ಲಿ ಬೆಳೆದ ಮೀನು ಹೊರಗಿನ ಬಲೆಗಳಿಗೂ ಬಂದು ಸೇರುತ್ತಿತ್ತು ಎಂಬುದನ್ನು ಇದಕ್ಕಿಂತ ಕಟುವಾಗಿ ತೋರಿಸುವುದು ಕಷ್ಟ.

ಪ್ರಶ್ನೆ: ದಿನದ ದುಡಿಮೆಯಿಂದಲೇ ಒಲೆ ಉರಿಸಬೇಕಾದವರು ಕಡಲಿನ ಒಂದು ಭಾಗವನ್ನು ಬಿಟ್ಟುಕೊಡುವುದು ಹೇಗೆ? ನಷ್ಟ ಅವರಿಗೆ, ಲಾಭ ಪ್ರವಾಸೋದ್ಯಮದವರಿಗೆ ಎಂದಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಆಗಿದೆ. ಬಂದಿರುವ ಪ್ರಶ್ನೆಗಳಲ್ಲೆಲ್ಲ ಇದೇ ಮುಖ್ಯವಾದದ್ದೆಂದು ನಮ್ಮ ಅಭಿಪ್ರಾಯ. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು, ಆರಂಭದ ವರ್ಷಗಳ ನಷ್ಟ ಯಾರ ಪಾಲಿಗೆ ಬರುತ್ತದೆಂಬುದನ್ನು ಸಭೆಯಲ್ಲಿ ಬಾಯಿಬಿಟ್ಟು ಚರ್ಚಿಸದ ಯೋಜನೆ ಮೊದಲ ಕಷ್ಟದ ತಿಂಗಳಲ್ಲೇ ಮುರಿಯುತ್ತದೆ. ದೊಡ್ಡ ದೋಣಿಯವನು ಇನ್ನಷ್ಟು ದೂರ ಹೋಗಬಲ್ಲ. ಇಳಿತದ ಹೊತ್ತಿನಲ್ಲಿ ನಡೆದೇ ಹೋಗಿ ಚಿಪ್ಪು ಆಯುವ ಹೆಂಗಸಿಗೆ ಬೇರೆ ದಡವಿಲ್ಲ. ಹೀಗಿದ್ದೂ ಸಭೆಗೆ ಕರೆಯುವುದು ದೋಣಿಯ ಒಡೆಯರನ್ನು ಮಾತ್ರ.

ಇದಕ್ಕೆ ಒಂದು ಉಪಾಯವೆಂದರೆ ಶಾಶ್ವತ ನಿಷೇಧದಿಂದ ಆರಂಭಿಸದಿರುವುದು. ಮಡಗಾಸ್ಕರ್‌ನ ನೈರುತ್ಯ ಕರಾವಳಿಯ ಅಂಡಾವಡೊಆಕ ಎಂಬ ಹಳ್ಳಿಯವರು 2004ರಲ್ಲಿ ಆಕ್ಟೋಪಸ್ ಹಿಡಿಯುವ ಒಂದು ಜಾಗವನ್ನು ಮಾತ್ರ, ಅದೂ ಕೆಲವು ತಿಂಗಳ ಮಟ್ಟಿಗೆ ಮುಚ್ಚಿದರು. ಆಕ್ಟೋಪಸ್ ಬಹುಬೇಗ ಬೆಳೆಯುವ ಜೀವಿಯಾದ್ದರಿಂದ ಜಾಗ ತೆರೆದಾಗ ದೊಡ್ಡ ಗಾತ್ರದವು ದೊರೆತವು. ನೆರೆಯ ಹಳ್ಳಿಗಳು ತಾವಾಗಿಯೇ ಇದನ್ನು ಅನುಸರಿಸಿದವು. ಫಲವು ಕಣ್ಣಿಗೆ ಕಾಣುವ ಅವಧಿ ಬಳಕೆದಾರರ ತಾಳ್ಮೆಗೆ ಹೊಂದಿಕೆಯಾಗಿತ್ತು ಎನ್ನುವುದೇ ಇದರ ಗುಟ್ಟು. ಹವಳದ ದಿಬ್ಬದ ದೊಡ್ಡ ಮೀನುಗಳು ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಅದನ್ನು ಎರಡನೆಯ ಹೆಜ್ಜೆಯಾಗಿ ಇಟ್ಟುಕೊಳ್ಳುವುದು ಜಾಣತನ. ತೆರೆದ ದಿನ ಎಲ್ಲರೂ ಮುಗಿಬೀಳದಂತೆ ಯಾರು, ಯಾವಾಗ, ಎಷ್ಟು ಹಿಡಿಯಬಹುದೆಂಬುದನ್ನು ಮುಚ್ಚುವ ದಿನವೇ ನಿರ್ಧರಿಸಿರಬೇಕು.

ಪ್ರಶ್ನೆ: ಖಾಲಿ ಬಿದ್ದಿರುವ ಕೆಸರು ಬಯಲಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ನೆಡುವ ಕಾರ್ಯಕ್ರಮ ಒಳ್ಳೆಯ ಆರಂಭವಲ್ಲವೇ?

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಕಾಂಡ್ಲಾ ಬೆಳೆಯುವುದು ಸರಾಸರಿ ಸಮುದ್ರಮಟ್ಟಕ್ಕೂ ಉಬ್ಬರದ ಮಟ್ಟಕ್ಕೂ ನಡುವಿನ ನೆಲದಲ್ಲಿ. ಅದಕ್ಕಿಂತ ಕೆಳಗಿನ ಕೆಸರು ಬಯಲಿನಲ್ಲಿ ನೆಟ್ಟ ಸಸಿಗಳು ದಿನದ ಹೆಚ್ಚು ಹೊತ್ತು ಮುಳುಗಿದ್ದು ಸಾಯುತ್ತವೆ. ಅಲ್ಲಿ ಮೊದಲಿನಿಂದ ಇದ್ದ ಚಿಪ್ಪುಮೀನು, ವಲಸೆ ಹಕ್ಕಿಗಳ ಮೇವಿಗೂ ತೊಂದರೆ. ಹಿಂದೆ ಕಾಂಡ್ಲಾ ಇದ್ದ ಜಾಗಕ್ಕೆ ಉಬ್ಬರದ ನೀರು ಹೋಗದಂತೆ ತಡೆದಿರುವ ದಂಡೆಯನ್ನು ಒಡೆದರೆ, ಬೀಜ ನೀರಿನಲ್ಲಿ ತೇಲಿಬಂದು ತಾನೇ ಹುಟ್ಟುತ್ತದೆ. ಛಾಯಾಚಿತ್ರಕ್ಕೆ ಮಾತ್ರ ಇದು ಒದಗಿಬರುವುದಿಲ್ಲ.

ಪ್ರಶ್ನೆ: ಕಡಲ್ಕೊರೆತಕ್ಕೆ ಊರವರೇ ಒತ್ತಾಯಿಸಿ ತಡೆಗೋಡೆ ಕಟ್ಟಿಸಿಕೊಂಡರೆ ಅದೂ ಜನರ ಯೋಜನೆಯೇ ಅಲ್ಲವೇ?

ಉತ್ತರ: ಅದು ಜನರ ಬೇಡಿಕೆ, ಯೋಜನೆ ಎನ್ನಲಾಗದು. ಅಲೆಗಳು ಓರೆಯಾಗಿ ಅಪ್ಪಳಿಸುವುದರಿಂದ ಮರಳು ದಡದುದ್ದಕ್ಕೂ ಸಾಗುತ್ತಿರುತ್ತದೆ. ದಡಕ್ಕೆ ಅಡ್ಡವಾಗಿ ಕಲ್ಲಿನ ಸಾಲು ಹಾಕಿದರೆ ಒಂದು ಬದಿಯಲ್ಲಿ ಮರಳು ತುಂಬಿಕೊಂಡು, ಇನ್ನೊಂದು ಬದಿಯ ಊರಿಗೆ ಸಲ್ಲಬೇಕಾದ ಮರಳು ನಿಂತುಹೋಗುತ್ತದೆ. ದಡಕ್ಕೆ ಸಮಾನಾಂತರವಾದ ಗೋಡೆಯಾದರೆ ಅಲೆ ಹಿಮ್ಮೆಟ್ಟುವಾಗ ಮುಂದಿನ ಮರಳನ್ನೇ ಸೆಳೆದೊಯ್ಯುವುದುಂಟು. ನದಿಯ ಅಣೆಕಟ್ಟು ಮತ್ತು ಅಳಿವೆಯ (ನದಿ ಕಡಲು ಸೇರುವ ಜಾಗದ) ಮರಳುಗಾರಿಕೆ ಮೂಲದಲ್ಲೇ ಮರಳನ್ನು ತಡೆದಿದ್ದರೆ ಗೋಡೆ ಎಷ್ಟು ಎತ್ತರವಿದ್ದರೂ ಕೊರತೆ ನೀಗದು. ಆದ್ದರಿಂದ ಮೀನಿನ ವಿಷಯದಲ್ಲಿ ಒಂದು ಊರು ಸಾಕಾದರೂ ಮರಳಿನ ವಿಷಯದಲ್ಲಿ ಅಳಿವೆಯಿಂದ ಅಳಿವೆಯವರೆಗಿನ ಎಲ್ಲ ಊರುಗಳೂ ಒಂದೇ ನಕ್ಷೆಯ ಮುಂದೆ ಕೂರಬೇಕಾಗುತ್ತದೆ.

ಪ್ರಶ್ನೆ: ಸರ್ಕಾರದ ಮಾನ್ಯತೆ ಇಲ್ಲದೆ ಇವೆಲ್ಲ ನಿಲ್ಲುತ್ತವೆಯೇ?

ಉತ್ತರ: ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಹೊರಗಿನ ಟ್ರಾಲ್ ದೋಣಿಯನ್ನು ಊರಿನ ಒಪ್ಪಂದ ತಡೆಯಲಾರದು, ಅದಕ್ಕೆ ಕಾನೂನು ಬೇಕು. ಸ್ಕಾಟ್ಲೆಂಡ್‌ನ ಅರನ್ ದ್ವೀಪದ ನಿವಾಸಿಗಳು 1995ರಲ್ಲಿ ಸಂಘ ಕಟ್ಟಿ ಹೋರಾಡಿದ ಫಲವಾಗಿ ಲ್ಯಾಮ್‌ಲಾಶ್ ಕೊಲ್ಲಿಯ ಒಂದು ಭಾಗದಲ್ಲಿ ಎಲ್ಲ ಬಗೆಯ ಮೀನುಗಾರಿಕೆಯೂ ಕಾನೂನಿನ ಮೂಲಕ ನಿಂತದ್ದು 2008ರಲ್ಲಿ. ಆದರೆ ಮಾನ್ಯತೆಗೂ ಬೆಲೆಯುಂಟು. ಅಪೊ ದ್ವೀಪವು 1994ರಲ್ಲಿ ರಾಷ್ಟ್ರೀಯ ರಕ್ಷಿತ ಪ್ರದೇಶವಾದಾಗ ನಿರ್ವಹಣೆ ಹೊಸ ಮಂಡಳಿಗೆ ಹೋಗಿ, ದ್ವೀಪದವರ ಹಿಡಿತ ಸಡಿಲವಾಯಿತು. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ಬೇರೆ ದಾರಿ ಹಿಡಿದಿದ್ದಾರೆ: ಕಾಂಡ್ಲಾ ಕಾಡು ಸರ್ಕಾರದ್ದೇ ಆದರೂ 117 ಹೆಕ್ಟೇರಿನ ನಿರ್ವಹಣೆಯನ್ನು ಒಪ್ಪಂದದ ಮೂಲಕ ಸ್ಥಳೀಯ ಸಂಘಕ್ಕೆ ವಹಿಸಲಾಗಿದ್ದು, ಇಂಗಾಲದ ಕ್ರೆಡಿಟ್ (ಕಾಡು ಹಿಡಿದಿಟ್ಟ ಇಂಗಾಲಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರಾಟದಿಂದ ಬಂದ ಹಣದಲ್ಲಿ ಶಾಲೆ ಮತ್ತು ಕುಡಿಯುವ ನೀರಿಗೆ ಎಷ್ಟೆಂಬುದನ್ನು ಹಳ್ಳಿಯವರು ಚರ್ಚಿಸಿ ನಿರ್ಧರಿಸುತ್ತಾರೆ. ಮಾನ್ಯತೆ ಕೋರಿ ಬರೆಯುವ ಮೊದಲ ಮನವಿಯಲ್ಲೇ, ನಿಯಮ ತಿದ್ದುವ ಅಧಿಕಾರ ಯಾರದು, ಶುಲ್ಕದ ಹಣ ಯಾವ ಖಾತೆಗೆ ಜಮಾ ಆಗಬೇಕು, ಸಮಿತಿಯಲ್ಲಿ ಚಿಪ್ಪು ಆಯುವವರಿಗೆ ಎಷ್ಟು ಸ್ಥಾನ ಎಂಬ ಮೂರು ಅಂಶಗಳನ್ನು ಸೇರಿಸಿರಿ. ಅಧಿಸೂಚನೆ ಹೊರಬಿದ್ದ ಮೇಲೆ ಅವನ್ನು ಸೇರಿಸುವುದು ಬಹಳ ಕಷ್ಟ.