ಪಣಜಿಯ ಫಾಂಟೇನ್ಯಾಸ್ ನಡಿಗೆ: ಗೈಡ್ ಬೇಕು

ದಾವಣಗೆರೆಯಿಂದ ಅಮ್ಮನ ಜೊತೆ ಪಣಜಿಗೆ ಹೊರಟಿದ್ದೇವೆ, ಫಾಂಟೇನ್ಯಾಸ್‌ನ ತಿಂಡಿ ಮತ್ತು ಕಲೆಯ ನಡಿಗೆಗೆ ಗೈಡ್ ಬೇಕಾ, ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ ಅಂತ ಕೇಳಿದ್ದೀರಿ. ಖಂಡಿತ ಬೇಕು. ಸುಮ್ನೆ ಓಡಾಡಿದರೆ ಬಣ್ಣದ ಗೋಡೆ ಮುಂದೆ ಫೋಟೋ ತೆಗೆದು ಬಂದುಬಿಡುತ್ತೀರಿ, ಅಲ್ವಾ? ಆ ಪೋರ್ಚುಗೀಸರ ಕಾಲದ ಓಣಿಯಲ್ಲಿ ನಿಧಾನ ಬೇಕು. ಕೆಲವು ಮನೆಗಳ ಹೆಸರು, ನಂಬರ್ ನೀಲಿ-ಬಿಳಿ ಅಜುಲೇಜು ಟೈಲ್ಸ್ ಮೇಲಿವೆ. ಹತ್ತಿರ ನಿಂತು ನೋಡಿ, ಕುಂಚದ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಗೊತ್ತಾಗುತ್ತದೆ.

ಅಮ್ಮನ ಊಟದ ವಿಷಯ ಬುಕ್ ಮಾಡುವಾಗಲೇ ಹೇಳಿ. ಗೋವಾದ ಸಿಹಿತಿಂಡಿ ಬೆಬಿಂಕಾದ ಪದರ ಪದರದಲ್ಲೂ ಮೊಟ್ಟೆಯ ಹಳದಿ ಇರುತ್ತದೆ. ಅಮ್ಮನಿಗೆ ದೋದೋಲ್ ಅನ್ನೋ ಸಿಹಿ ಕೊಡಿಸಿ: ಮುಖ್ಯವಾಗಿ ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ, ಅಷ್ಟೇ. ತೌಡು ಅಂಟಿದ ಬಿಸಿ ಪೊಯಿ (ಗೋವಾದ ಬ್ರೆಡ್) ಸಿಕ್ಕರೆ ಬೆಣ್ಣೆ ಸವರಿಕೊಳ್ಳಿ. ಬೆಣ್ಣೆ ದೋಸೆಯ ಊರಿನವರಿಗೆ ಹಿಡಿಸದೇ ಇರಲ್ಲ.