ಹೋಗುವಾಗ ಹನ್ನೊಂದೂವರೆ ಗಂಟೆ, ಬರುವಾಗ ಆರೇ?

ಪ್ರಶ್ನೆ: ದೆಹಲಿಯಿಂದ ಟೋಕಿಯೋಗೆ ಹೋಗಿಬರಲು ಟಿಕೆಟ್ ಮಾಡಿಸಿದ್ದೇನೆ. ಹೋಗುವಾಗ ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 7.30ಕ್ಕೆ ತಲುಪುತ್ತದೆ. ಬರುವಾಗ ಬೆಳಿಗ್ಗೆ 11ಕ್ಕೆ ಹೊರಟು ಸಂಜೆ 5ಕ್ಕೆಲ್ಲ ದೆಹಲಿ. ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಬರುವಾಗ ದೆಹಲಿಯೇ ವಿಮಾನದ ಎದುರಿಗೆ ಬರುತ್ತದೆ, ಅದಕ್ಕೇ ಬೇಗ ಎನ್ನುತ್ತಾನೆ ನನ್ನ ಗೆಳೆಯ. ನಿಜವೇ? ದೂರ ಎಷ್ಟು?

ಉತ್ತರ: ಗೆಳೆಯರ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ನಡೆಯುವುದು ಅದರ ಉಲ್ಟಾ, ಬರುವಾಗಲೇ ಜಾಸ್ತಿ ಹೊತ್ತು ಹಿಡಿಯುತ್ತದೆ!

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಹಾಗಾಗಿ ಹೋಗುವ ಹನ್ನೊಂದೂವರೆಯಲ್ಲಿ ಮೂರೂವರೆ ಕಳೆಯಿರಿ, ಎಂಟು ಗಂಟೆ. ಬರುವ ಆರಕ್ಕೆ ಅದನ್ನೇ ಕೂಡಿಸಿ, ಒಂಬತ್ತೂವರೆ.

ದೂರ ನೇರವಾಗಿ ಅಳೆದರೆ ಸುಮಾರು 5,850 ಕಿ.ಮೀ. ದೂರ ಅದೇ ಇದ್ದರೂ ಒಂದೂವರೆ ಗಂಟೆ ವ್ಯತ್ಯಾಸ ಬರುವುದು ಗಾಳಿಯಿಂದ. ಭೂಮಿ ತಿರುಗುವಾಗ ಅದರ ಜೊತೆ ಗಾಳಿಯೂ, ಆ ಗಾಳಿಯಲ್ಲಿ ಹಾರುವ ವಿಮಾನವೂ ತಿರುಗುತ್ತಲೇ ಇರುತ್ತವೆ, ಹಾಗಾಗಿ ದೆಹಲಿ ಸುಮ್ನೆ ಎದುರು ಬರುವುದಿಲ್ಲ. ಆದರೆ ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅಂದಹಾಗೆ, 1920ರ ದಶಕದಲ್ಲಿ ಬಲೂನು ಹಾರಿಸಿ ಹಾರಿಸಿ ಇದನ್ನು ಅಳೆದವರು ಜಪಾನಿನವರೇ ಆದ ಹವಾಮಾನ ವಿಜ್ಞಾನಿ ವಸಾಬುರೋ ಓಯಿಶಿ. ಹೊರಗಿನವರಿಗೂ ತಿಳಿಯಲಿ ಅಂತ ಪಾಪ ವರದಿಯನ್ನು ಎಸ್ಪೆರಾಂಟೋದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ ಬರೆದರು, ಓದಿದವರೇ ಕಡಿಮೆ!

ಲೆಕ್ಕ ಹೀಗೆ. ವಿಮಾನ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅನ್ನಿ, ಗಾಳಿಯದು ಸರಾಸರಿ 100 ಇರಲಿ. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ನೆಲದ ಲೆಕ್ಕಕ್ಕೆ 1,000. ಬರುವಾಗ ಎದುರುಗಾಳಿ, 800. ಆರು ಸಾವಿರ ಕಿ.ಮೀ.ಗೆ ಒಂದು ಕಡೆ ಆರು ಗಂಟೆ, ಇನ್ನೊಂದು ಕಡೆ ಏಳೂವರೆ. ಇದರ ಮೇಲೆ ರನ್‌ವೇವರೆಗಿನ ಓಡಾಟ, ಹತ್ತುವುದು, ಇಳಿಯುವುದು, ಸ್ವಲ್ಪ ಸುತ್ತು ದಾರಿ ಎಲ್ಲ ಸೇರುತ್ತದೆ. ಎದುರಿನ ಸೀಟಿನ ಪರದೆಯಲ್ಲಿ ನೆಲದ ವೇಗ ತೋರಿಸುತ್ತಿದ್ದರೆ ಎರಡು ಸಲವೂ ಫೋಟೋ ತೆಗೆದು ಗೆಳೆಯರಿಗೆ ತೋರಿಸಿ.

ಪ್ರಶ್ನೆ: ಅದೇನು ಸುತ್ತು ದಾರಿ? ಗೋಳದ ಮೇಲೆ ದಾರ ಹಿಡಿದು ಎಳೆದರೆ ದೆಹಲಿ–ಟೋಕಿಯೋ ದಾರಿ ಟಿಬೆಟ್ ಮೇಲೇ ಹೋಗುತ್ತದೆ, ಅಲ್ವಾ?

ಉತ್ತರ: ದಾರ ಹೋಗುತ್ತದೆ, ವಿಮಾನಗಳು ಸಾಮಾನ್ಯವಾಗಿ ಹೋಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಬೇಗ, ಮಾಸ್ಕಿಲ್ಲದೆ ಉಸಿರಾಡಬಹುದಾದ ಸುಮಾರು 10,000 ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು. ತಲೆಯ ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ಹದಿನೈದು ನಿಮಿಷದ ಆಸುಪಾಸು ಅಷ್ಟೇ. ಟಿಬೆಟ್‌ನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ? ಅದಕ್ಕೇ ಬಾಂಗ್ಲಾದೇಶ, ಮ್ಯಾನ್ಮಾರ್, ದಕ್ಷಿಣ ಚೀನಾ ಅಂತ ಬಳಸಿಕೊಂಡು ಹೋಗುತ್ತವೆ.